ಬಿಚ್ಚದ ಚೀಲದ ವಿಮಾನ



ಈ ಹೊತ್ತು ನಾನು ಒಂದು ಗೊಂಬೆ ವಿಮಾನದ ಸಂಗತಿ ಹೇಳಲಿಕ್ಕೆ ಬಂದಿದ್ದೇನೆ. ನಾವು ಗೊಂಬೆ ಅಂದರೆ ಪಕ್ಕದ ಮನೆಯವರು ತೆಲುಗಿನಲ್ಲಿ ಬೊಮ್ಮ ಅನ್ನುತ್ತಾರೆ. ಎರಡೂ ಮಾತು ನಮಗೆ ತಿಳಿಯುತ್ತವೆ. ಆದರೆ ಗೊಂಬೆ ವಿಮಾನಕ್ಕೂ ನಾರಾಯಣಪೇಟೆ, ಮಕ್ತಲ್, ಗದ್ವಾಲಗಳ ಇತಿಹಾಸಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಕೆಲವು ತಿಂಗಳ ಹಿಂದೆ ಯಾರಾದರೂ ಕೇಳಿದ್ದರೆ ನಾನೂ ಏನೂ ಇಲ್ಲವೆಂದೇ ಹೇಳುತ್ತಿದ್ದೆ. ಲೆಕ್ಕ ತೆಗೆದು ನೋಡಿದಾಗ ಗೊತ್ತಾಯಿತು, ಆ ಖಾತೆಯಲ್ಲಿ ನಮ್ಮ ಹೆಸರೂ ಇದೆ.

ನಮ್ಮ ಮನೆಯ ಹಳೆಯ ಟ್ರಂಕಿನಲ್ಲಿ ಒಂದು ಪ್ಲಾಸ್ಟಿಕ್ ಚೀಲ ಐವತ್ತು ವರ್ಷಗಳಿಂದ ಬಿಚ್ಚದೆ ಉಳಿದಿತ್ತು. ಚೀಲದ ಬಾಯಿಗೆ ಮಡಿಚಿದ ಬಣ್ಣದ ಕಾಗದ, ಕಾಗದಕ್ಕೆ ಎರಡು ಸ್ಟೇಪಲ್ ಪಿನ್ನು. ಒಳಗೆ ಕಡ್ಡಿಗಳಿಗೆ ಅಂಟಿಕೊಂಡ ಪ್ಲಾಸ್ಟಿಕ್ ತುಂಡುಗಳು: ರೆಕ್ಕೆ, ಬಾಲ, ಚಕ್ರ, ಪಂಖ, ಕಿರುಬೆರಳಿನ ಉಗುರಿನಷ್ಟು ಒಬ್ಬ ಚಾಲಕ. ಇಂಗ್ಲೆಂಡಿನ ಏರ್‌ಫಿಕ್ಸ್ ಎಂಬ ಕಂಪನಿಯ ಸ್ಪಿಟ್‌ಫೈರ್ ವಿಮಾನದ ಕಿಟ್ ಅದು. ತುಂಡುಗಳನ್ನು ಕತ್ತರಿಸಿ, ಕೆರೆದು, ಅಂಟಿಸಿ, ಬಣ್ಣ ಹಚ್ಚಿದರೆ ಒಂದು ಗೇಣಿಗಿಂತ ಸ್ವಲ್ಪ ಚಿಕ್ಕದಾದ ವಿಮಾನ ಆಗುತ್ತದೆ.

ಇದನ್ನು ತಂದವನು ನನ್ನ ಅಣ್ಣ. ಅವನು ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ. ಇಂಗ್ಲೆಂಡಿಗೆ ತರಬೇತಿಗೆ ಹೋಗಿ ಬಂದ ಸಹೋದ್ಯೋಗಿಯೊಬ್ಬರು ಕೊಟ್ಟಿದ್ದನ್ನು 1972ರಲ್ಲಿ ಊರಿಗೆ ಬರುವವರ ಕೈಯಲ್ಲಿ ನನಗೆ ಕಳಿಸಿದ. ಜತೆಗೆ ಒಂದು ಇನ್‌ಲ್ಯಾಂಡ್ ಪತ್ರ. ಅದರಲ್ಲಿ ಬರೆದಿದ್ದ: "ನಾ ಬರೋತನಕ ಬಿಚ್ಚಬ್ಯಾಡ. ಇಬ್ಬರೂ ಕೂಡಿ ಮಾಡೋಣು." ನನಗಾಗ ಹನ್ನೆರಡು ವರ್ಷ. ಆ ವರ್ಷ ನಮ್ಮ ಕಡೆ ದೊಡ್ಡ ಬರ. ಅಣ್ಣ ಬಂದ, ಎರಡು ದಿನ ಇದ್ದ, ಮನೆಯ ಕಷ್ಟ ನೋಡಿ ಕೈಯಲ್ಲಿದ್ದ ದುಡ್ಡು ಕೊಟ್ಟು ಹೋದ. ಮುಂದೆ ಬಂದಾಗ ಅಕ್ಕನ ಮದುವೆ. ಅದರ ಮುಂದೆ ಅವನದೇ ಮದುವೆ. ನಾನು ಮೆಟ್ರಿಕ್ ಮುಗಿಸಿ ಬ್ಯಾಂಕು ಸೇರಿದೆ, ವರ್ಗ ಆದಲ್ಲಿಗೆಲ್ಲ ಹೋದೆ. ಅವನು ನಿವೃತ್ತನಾಗಿ ಬಂದು ಕುಳಿತಾಗ ಅವನ ಕೈ ನಡುಗುತ್ತಿತ್ತು. ನಾನೂ ಕೇಳಲಿಲ್ಲ, ಅವನೂ ನೆನಪಿಸಲಿಲ್ಲ. 2021ರಲ್ಲಿ ಅವನು ಹೋದ.

ಈಗ ಅಣ್ಣನ ಮೊಮ್ಮಗ ಬೇಸಿಗೆ ರಜೆಗೆ ಬಂದವನು ಟ್ರಂಕು ತಡಕಿ ಚೀಲ ಹಿಡಿದು ತಂದ. "ಸಣ್ಣಜ್ಜಾ, ಇದನ್ನ ಮಾಡೋಣ್ವಾ?" ಅಂದ. ಅವನ ಅಪ್ಪ ಬೆಂಗಳೂರಿನಿಂದ ಫೋನಿನಲ್ಲಿ, "ಕಾಕಾ, ಬಿಚ್ಚಬ್ಯಾಡ್ರಿ. ಬಿಚ್ಚದ ಹಳೇ ಕಿಟ್ಟಿಗೆ ಬೆಲೆ ಐತಿ, ಕೊಳ್ಳೋರು ಅದಾರ" ಅಂದ. ಹೀಗೆ ನನ್ನ ಮುಂದೆ ಒಂದು ತಕರಾರು ಬಂತು. ಹಳೆಯ ಕಿಟ್ಟನ್ನು ಕಟ್ಟಬೇಕೋ, ಇಡಬೇಕೋ, ಮಾರಬೇಕೋ? ಬ್ಯಾಂಕಿನವನಿಗೆ ಇರುವ ಒಂದೇ ಅಭ್ಯಾಸ, ಜಮಾ ಒಂದು ಕಡೆ, ಖರ್ಚು ಒಂದು ಕಡೆ ಬರೆಯುವುದು. ನಾನೂ ಒಂದು ಹಾಳೆ ತೆಗೆದುಕೊಂಡು ಕುಳಿತೆ.

ಮೊದಲು ಈ ವಸ್ತು ಹುಟ್ಟಿದ ಬಗೆ ತಿಳಿಯೋಣ. ಪ್ಲಾಸ್ಟಿಕ್ ವಿಮಾನದ ಕಿಟ್ಟುಗಳನ್ನು ಮೊದಲು ಮಾರಿದ್ದು ಇಂಗ್ಲೆಂಡಿನ ಫ್ರಾಗ್ ಎಂಬ ಹೆಸರಿನವರು, 1936ರಲ್ಲಿ. ಅವುಗಳಿಗೆ ಪೆಂಗ್ವಿನ್ ಎಂದು ಹೆಸರಿಟ್ಟಿದ್ದರು. ಪೆಂಗ್ವಿನ್ ಹಾರಲಾರದ ಹಕ್ಕಿ, ಈ ವಿಮಾನಗಳೂ ಹಾರುವುದಿಲ್ಲ ಎಂಬ ಅರ್ಥದಲ್ಲಿ. ಆ ಕಾಲದ ಪ್ಲಾಸ್ಟಿಕ್ ಸೆಲ್ಯುಲೋಸ್ ಅಸಿಟೇಟ್. ಅದು ವರ್ಷ ಕಳೆದಂತೆ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಯುದ್ಧದ ನಂತರ ಪಾಲಿಸ್ಟೈರೀನ್ ಬಂತು. ಕರಗಿಸಿದ ಈ ಪ್ಲಾಸ್ಟಿಕ್ಕನ್ನು ಒತ್ತಡದಿಂದ ಉಕ್ಕಿನ ಅಚ್ಚಿಗೆ ನುಗ್ಗಿಸಿದರೆ ಕ್ಷಣದಲ್ಲಿ ಗಟ್ಟಿಯಾಗುತ್ತದೆ. ಅಚ್ಚು ಮಾಡಲು ಬಹಳ ಖರ್ಚು, ಒಮ್ಮೆ ಆಯಿತೆಂದರೆ ಲಕ್ಷಗಟ್ಟಲೆ ತುಂಡು ಅಗ್ಗವಾಗಿ ಬರುತ್ತವೆ. ಈ ಮಾತು ನೆನಪಿಡಿ, ಮುಂದೆ ಬೇಕಾಗುತ್ತದೆ.

ಏರ್‌ಫಿಕ್ಸ್ ಕಂಪನಿ ಸ್ಥಾಪಿಸಿದವರು ನಿಕೋಲಸ್ ಕೋವ್ ಎಂಬ ಹಂಗೇರಿ ದೇಶದ ವಲಸಿಗರು, 1939ರಲ್ಲಿ. ಆರಂಭದಲ್ಲಿ ಮಾಡಿದ್ದು ಗಾಳಿ ತುಂಬುವ ರಬ್ಬರ್ ಆಟಿಕೆ, ಆಮೇಲೆ ಬಾಚಣಿಗೆ. 1950ರ ದಶಕದಲ್ಲಿ ಗೋಲ್ಡನ್ ಹೈಂಡ್ ಎಂಬ ಹಳೆಯ ಹಡಗಿನ ಕಿಟ್ಟನ್ನು ಚೀಲದಲ್ಲಿ ಹಾಕಿ ವುಲ್‌ವರ್ತ್ ಅಂಗಡಿಗಳಲ್ಲಿ ಎರಡು ಷಿಲಿಂಗಿಗೆ ಮಾರಿದರು. ಅದೇ ದಶಕದಲ್ಲಿ ಮೊದಲ ವಿಮಾನದ ಕಿಟ್ ಬಂತು, ಅದೂ ಸ್ಪಿಟ್‌ಫೈರೇ. ಆದರೆ ಆ ಮೊದಲ ಸ್ಪಿಟ್‌ಫೈರಿನ ಆಕಾರ ನಿಜವಾದ ವಿಮಾನಕ್ಕೆ ಸರಿಹೊಂದುತ್ತಿರಲಿಲ್ಲ. ಆದ್ದರಿಂದ 1960ರಲ್ಲಿ ಹೊಸ ಅಚ್ಚು ಮಾಡಿ ಒಂಬತ್ತನೆಯ ಮಾದರಿಯ ಸ್ಪಿಟ್‌ಫೈರನ್ನು ತಂದರು. ನಮ್ಮ ಟ್ರಂಕಿನಲ್ಲಿದ್ದದ್ದು ಇದು.

ಅಳತೆಯ ವಿಷಯವನ್ನೂ ಹೇಳಬೇಕು. ಇಂಥ ಕಿಟ್ಟುಗಳು ನಿಜವಾದ ವಿಮಾನದ ಎಪ್ಪತ್ತೆರಡರಲ್ಲಿ ಒಂದು ಪಾಲು. ಎಪ್ಪತ್ತೆರಡೇ ಏಕೆ? ಆರು ಅಡಿ ಅಂದರೆ ಎಪ್ಪತ್ತೆರಡು ಇಂಚು. ಆರಡಿ ಎತ್ತರದ ಮನುಷ್ಯ ಒಂದು ಇಂಚಿನ ಗೊಂಬೆಯಾಗುತ್ತಾನೆ. ಲೆಕ್ಕಕ್ಕೆ ಸುಲಭ. ಸ್ಪಿಟ್‌ಫೈರಿನ ರೆಕ್ಕೆಯ ತುದಿಯಿಂದ ತುದಿಗೆ ಸುಮಾರು 11.2 ಮೀಟರ್, ಗೊಂಬೆಯಲ್ಲಿ ಅದು ಹದಿನೈದೂವರೆ ಸೆಂಟಿಮೀಟರ್.

ಈಗ ಹಾಳೆಯ ಖರ್ಚಿನ ಬದಿ. ಹಳೆಯ ಕಿಟ್ಟಿನಲ್ಲಿ ದೋಷಗಳು ಬಹಳ. ಅಚ್ಚು ಸವೆದಂತೆ ತುಂಡಿನ ಅಂಚಿಗೆ ತೆಳುವಾದ ಪೊರೆ ಬೆಳೆಯುತ್ತದೆ, ದೋಸೆಯ ಅಂಚಿನ ಹಾಗೆ. ಅದನ್ನು ಬ್ಲೇಡಿನಿಂದ ಕೆರೆಯಬೇಕು. ಎರಡು ತುಂಡುಗಳ ನಡುವೆ ಸಂದು ಬಿಟ್ಟಿದ್ದರೆ ತುಂಬಬೇಕು. ಆ ಕಾಲದವರು ಮೈಮೇಲಿನ ರಿವೆಟ್ಟುಗಳನ್ನು ಉಬ್ಬಿಸಿ ಕೆತ್ತುತ್ತಿದ್ದರು. ಅಳತೆಗೆ ಗುಣಿಸಿ ನೋಡಿದರೆ ಒಂದೊಂದು ರಿವೆಟ್ಟು ಬೋರಂಗಿಯಷ್ಟು ದಪ್ಪ. ಚಾಲಕ ಕೂರುವ ಜಾಗದಲ್ಲಿ ಬರೀ ಪೊಳ್ಳು. ಒಂದೆರಡು ತುಂಡು ಸೊಟ್ಟಗಾಗಿದ್ದರೆ ಬಿಸಿನೀರಿನಲ್ಲಿ ಅದ್ದಿ ಮೆಲ್ಲಗೆ ನೆಟ್ಟಗೆ ಮಾಡಬೇಕು. ಗಾಜಿನಂಥ ತುಂಡು ಹಳದಿಯಾಗಿದ್ದರೆ ಅದಕ್ಕೆ ಮದ್ದು ಕಡಿಮೆ.

ಎಲ್ಲಕ್ಕಿಂತ ಮೊದಲು ಕೆಡುವುದು ನೀರಿನಲ್ಲಿ ನೆನೆಸಿ ಅಂಟಿಸುವ ಅಕ್ಷರ ಮತ್ತು ಗುರುತುಗಳ ಹಾಳೆ. ಅದು ಹಳದಿಯಾಗುತ್ತದೆ, ಕೊನೆಗೆ ಬಿರಿಯುತ್ತದೆ. ಬರೀ ಹಳದಿಯಾಗಿದ್ದರೆ ಕಿಟಕಿಯ ಗಾಜಿಗೆ ಅಂಟಿಸಿ ಕೆಲವು ವಾರ ಬಿಸಿಲಿಗೆ ಇಟ್ಟರೆ ಬಿಳಿಯಾಗುವುದುಂಟು. ಬಿರಿಯುವ ಭಯವಿದ್ದರೆ ಮೇಲೊಂದು ವಾರ್ನಿಷ್ ಬಳಿದು ಒಣಗಿಸಿ ಬಳಸುತ್ತಾರೆ. ಪೂರ್ತಿ ಬಿರಿದಿದ್ದರೆ ಕುಂಚ ಹಿಡಿದು ನಾವೇ ಬರೆಯಬೇಕು.

ಇಷ್ಟೆಲ್ಲ ತೊಂದರೆ ಪಡುವುದಕ್ಕಿಂತ ಹೊಸ ಕಿಟ್ ಕೊಂಡರಾಗದೇ? ಇದು ನ್ಯಾಯವಾದ ಪ್ರಶ್ನೆ. ಹೊಸ ಅಚ್ಚಿನ ತುಂಡುಗಳು ಒಂದಕ್ಕೊಂದು ಸರಿಯಾಗಿ ಕೂಡುತ್ತವೆ, ಗೆರೆಗಳು ಕೂದಲಿನಷ್ಟು ಸಣ್ಣ. ಒಂದೇ ವಿಮಾನದ ಹಳೆಯ ಕಿಟ್ಟೂ ಹೊಸ ಕಿಟ್ಟೂ ಸಿಗುತ್ತಿದ್ದರೆ, ಚೆಂದದ ವಿಮಾನ ಬೇಕೆನ್ನುವವನು ಹೊಸದನ್ನೇ ಕೊಳ್ಳಲಿ. ಇದರಲ್ಲಿ ನನಗೆ ಅನುಮಾನವಿಲ್ಲ. ಬೇರೆ ಯಾರೂ ಮಾಡದ ವಿಮಾನವಾಗಿದ್ದರೆ ಮಾತ್ರ ಹಳೆಯ ಕಿಟ್ಟಿನ ಕಷ್ಟ ಸಾರ್ಥಕ. ಸ್ಪಿಟ್‌ಫೈರನ್ನಂತೂ ಹತ್ತಾರು ಕಂಪನಿಗಳು ಮಾಡಿವೆ. ಖರ್ಚಿನ ಬದಿ ಭಾರವಾಯಿತು.

ಮಾರುವ ಮಾತು? ಬೆಲೆ ಬರುವುದು ವಸ್ತು ಹಳೆಯದೆಂಬ ಕಾರಣಕ್ಕೆ ಅಲ್ಲ, ಅಪರೂಪ ಎಂಬ ಕಾರಣಕ್ಕೆ. ಇದಕ್ಕೆ ಫ್ರಾಗ್ ಕಂಪನಿಯ ಕಥೆ ಒಳ್ಳೆಯ ಉದಾಹರಣೆ. ಆ ಹೆಸರಿನ ಒಡೆಯರಾಗಿದ್ದ ಲೈನ್ಸ್ ಬ್ರದರ್ಸ್ ಎಂಬ ದೊಡ್ಡ ಆಟಿಕೆ ಸಂಸ್ಥೆ 1971ರಲ್ಲಿ ಕುಸಿಯಿತು. ಕೆಲವೇ ವರ್ಷಗಳಲ್ಲಿ ಫ್ರಾಗ್ ನಿಂತುಹೋಗಿ ಅದರ ಅಚ್ಚುಗಳು ಸೋವಿಯತ್ ರಷ್ಯಕ್ಕೆ ಹೋದವು. ಅಲ್ಲಿಂದ ನೋವೋ ಎಂಬ ಹೆಸರಿನಲ್ಲಿ ಅವೇ ವಿಮಾನಗಳು ಮತ್ತೆ ಬಂದವು. ಆದರೆ ಎರಡನೆಯ ಮಹಾಯುದ್ಧದ ಜರ್ಮನಿ, ಜಪಾನ್ ವಿಮಾನಗಳ ಅಚ್ಚು ರಷ್ಯದವರಿಗೆ ಬೇಡವಾದವು. ಶತ್ರುವಿನ ವಿಮಾನವನ್ನು ತಮ್ಮ ಮಕ್ಕಳ ಕೈಗೆ ಕೊಡಲು ಅವರಿಗೆ ಮನಸ್ಸಾಗಲಿಲ್ಲ. ಅವು ರೆವೆಲ್ ಕಂಪನಿಯ ಪಾಲಾದವು. ನೋಡಿ, ಪ್ಲಾಸ್ಟಿಕ್ ಆಟಿಕೆಯೂ ದೇಶದ ಗಾಯ ನೆನಪಿಡುತ್ತದೆ. ವ್ಯಾಪಾರದ ಪಾಠ ಇಷ್ಟು: ಕಂಪನಿ ಮುಚ್ಚಿದರೂ ಅಚ್ಚು ಸಾಯುವುದಿಲ್ಲ. ಅಪರೂಪವೆಂದು ಬಚ್ಚಿಟ್ಟದ್ದು ನಾಳೆ ಇನ್ನೊಂದು ಹೆಸರಿನಲ್ಲಿ ಸಂತೆಗೆ ಬರಬಹುದು. ನಮ್ಮ ಸ್ಪಿಟ್‌ಫೈರೂ ವರ್ಷಗಟ್ಟಲೆ ಲೆಕ್ಕವಿಲ್ಲದಷ್ಟು ಮಾರಾಟವಾದದ್ದು. ಅದಕ್ಕೆ ಸಂಗ್ರಹಕಾರರು ಕೈ ತುಂಬ ಕೊಡುವರೆಂಬ ಭ್ರಮೆ ನನಗಿಲ್ಲ. ಮಾರುವ ಮಾತನ್ನು ಗೆರೆ ಎಳೆದು ಹೊಡೆದು ಹಾಕಿದೆ.

ಉಳಿದದ್ದು ಎರಡು: ಇಡುವುದು ಅಥವಾ ಕಟ್ಟುವುದು. ಇಲ್ಲಿ ನಮ್ಮ ನಾಡಿನ ಇತಿಹಾಸ ಬರುತ್ತದೆ.

ನಮ್ಮ ಭಾಗ 1948ರವರೆಗೆ ಹೈದರಾಬಾದ್ ನಿಜಾಮರ ಸಂಸ್ಥಾನದಲ್ಲಿತ್ತು. ನಾರಾಯಣಪೇಟೆ, ಮಕ್ತಲ್ ಮಹಬೂಬನಗರ ಜಿಲ್ಲೆಗೆ ಸೇರಿದ್ದವು. ಗದ್ವಾಲ ನಿಜಾಮರಿಗೆ ಪೇಷ್ಕಷ್ ಕೊಡುವ ಸಂಸ್ಥಾನ. ಮುಂದೆ ಗದ್ವಾಲ, ಆಲಂಪುರ ತಾಲ್ಲೂಕುಗಳು ರಾಯಚೂರು ಜಿಲ್ಲೆಯಲ್ಲಿದ್ದು 1956ರ ನವೆಂಬರ್ 1ರಂದು ಆಂಧ್ರಪ್ರದೇಶದ ಪಾಲಿಗೆ ಬಂದವು. ರಾಯಚೂರು, ಗುಲಬರ್ಗಾ, ಬೀದರ್ ಮೈಸೂರು ರಾಜ್ಯಕ್ಕೆ ಹೋದವು. ಗಡಿಯ ಗೆರೆ ನಮ್ಮ ಹೊಲ, ನೆಂಟಸ್ತಿಕೆಗಳ ನಡುವೆ ಹಾದುಹೋದದ್ದು ನಿಮಗೆಲ್ಲ ಗೊತ್ತು.

ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಬ್ರಿಟಿಷರ ನಂಬಿಕೆಯ ಮಿತ್ರರೆನಿಸಿಕೊಂಡವರು. ಮೊದಲನೆಯ ಮಹಾಯುದ್ಧದಲ್ಲಿ ಅವರು ಬ್ರಿಟಿಷ್ ವಾಯುಪಡೆಯ 110ನೆಯ ಸ್ಕ್ವಾಡ್ರನ್‌ಗೆ ವಿಮಾನಗಳನ್ನು ದಾನವಾಗಿ ಕೊಟ್ಟರು. ಡಿ ಹ್ಯಾವಿಲೆಂಡ್ 9ಎ ಎಂಬ ಬಾಂಬು ಹಾಕುವ ವಿಮಾನಗಳವು. ಆ ಸ್ಕ್ವಾಡ್ರನ್ನಿಗೆ ಹೈದರಾಬಾದ್ ಎಂಬ ಹೆಸರೇ ಸೇರಿತು. ಒಂದೊಂದು ವಿಮಾನದ ಮೈಮೇಲೂ ನಿಜಾಮರ ಕೊಡುಗೆಯೆಂದು ಬರೆದು, ಹೈದರಾಬಾದ್ ಎಂದು ನಂಬರು ಹಾಕಿದ್ದರು. 1918ರ ಸೆಪ್ಟೆಂಬರ್‌ನಲ್ಲಿ ಅವು ಫ್ರಾನ್ಸಿನಿಂದ ಹಾರಿ ಜರ್ಮನಿಯ ಊರುಗಳ ಮೇಲೆ ಬಾಂಬು ಹಾಕಿದವು, ಬಹಳ ವಿಮಾನಗಳು ಹಿಂದಿರುಗಲಿಲ್ಲ.

ಹಾಗೆ ಹಿಂದಿರುಗದವುಗಳಲ್ಲಿ ಒಂದರ ಕಥೆ ಕೇಳಬೇಕು. ಹೈದರಾಬಾದ್ 12ಎ ಎಂಬ ವಿಮಾನ 1918ರ ಅಕ್ಟೋಬರ್ 5ರಂದು ಜರ್ಮನರ ಕೈಗೆ ಸಿಕ್ಕಿತು. ಅವರು ಅದನ್ನು ಬರ್ಲಿನ್ನಿನಲ್ಲಿ ಪ್ರದರ್ಶನಕ್ಕಿಟ್ಟರು. ಎರಡನೆಯ ಯುದ್ಧದ ಗಲಿಬಿಲಿಯಲ್ಲಿ ಅದು ಪೋಲೆಂಡಿಗೆ ಹೋಯಿತು, ಕ್ರಾಕೋವ್ ನಗರದ ಸಂಗ್ರಹಾಲಯದಲ್ಲಿ ಉಳಿಯಿತು. 1977ರಲ್ಲಿ ಬ್ರಿಟನ್ನಿನ ವಾಯುಪಡೆ ಸಂಗ್ರಹಾಲಯದವರು ಅದನ್ನು ಕೇಳಿ ಪಡೆದರು. ಬದಲಿಗೆ ಪೋಲೆಂಡಿನವರಿಗೆ ಕೊಟ್ಟದ್ದು ಏನು ಗೊತ್ತೇ? ಒಂದು ಸ್ಪಿಟ್‌ಫೈರ್! ಹದಿನಾರನೆಯ ಮಾದರಿಯದು. ಅಮೆರಿಕದಲ್ಲಿ ತಯಾರಾದ ಎಂಜಿನ್ ಬಿಟ್ಟರೆ ಅದು ನಮ್ಮ ಟ್ರಂಕಿನ ಒಂಬತ್ತನೆಯ ಮಾದರಿಯ ಒಡಹುಟ್ಟಿದ್ದೇ. ಹೈದರಾಬಾದಿನ ಹೆಸರು ಹೊತ್ತ ವಿಮಾನದ ಮೈ ಮಾತ್ರ ಬಂತು, ರೆಕ್ಕೆಗಳನ್ನು ಹೊಸದಾಗಿ ಮಾಡಬೇಕಾಯಿತು. ಸಂಗ್ರಹಾಲಯದವರು ರೆಕ್ಕೆ ಇಲ್ಲದ್ದನ್ನು ಹಾಗೇ ಮೂಲೆಗಿಡಲಿಲ್ಲ. ಕಟ್ಟಿ ನಿಲ್ಲಿಸಿದರು.

ಎರಡನೆಯ ಯುದ್ಧದಲ್ಲೂ ಹಾಗೇ ಆಯಿತು. 152ನೆಯ ಸ್ಕ್ವಾಡ್ರನ್ 1939ರ ಅಕ್ಟೋಬರ್‌ನಲ್ಲಿ ಹೈದರಾಬಾದ್ ಹೆಸರಿನಲ್ಲಿ ಮತ್ತೆ ಕಟ್ಟಲ್ಪಟ್ಟಿತು. ಬೇಗನೆ ಅದಕ್ಕೆ ಸ್ಪಿಟ್‌ಫೈರ್ ಬಂದವು. 253ನೆಯದು ಹರಿಕೇನ್ ವಿಮಾನಗಳ ಹೈದರಾಬಾದ್ ಸ್ಕ್ವಾಡ್ರನ್. 1940ರಲ್ಲಿ ಇಂಗ್ಲೆಂಡಿನ ಆಕಾಶದಲ್ಲಿ ನಡೆದ ದೊಡ್ಡ ವಾಯುಯುದ್ಧದಲ್ಲಿ ಎರಡೂ ಇದ್ದವು. 152ರ ಲಾಂಛನದಲ್ಲಿ ಇದ್ದದ್ದು ನಿಜಾಮರ ದಸ್ತಾರು, ಧ್ಯೇಯವಾಕ್ಯದ ಅರ್ಥ ನಂಬಿಕೆಯ ಮಿತ್ರ. ಅದರ ವಿಮಾನಗಳ ಮೈಮೇಲೆ ಯುಎಂ ಎಂಬ ಅಕ್ಷರಗಳಿದ್ದವು. ಇಂಗ್ಲೆಂಡಿನಿಂದ ಅದು ಉತ್ತರ ಆಫ್ರಿಕ, ಮಾಲ್ಟಾ, ಸಿಸಿಲಿ, ಇಟಲಿಗೆ ಹೋಗಿ, 1943ರ ಕೊನೆಗೆ ಬರ್ಮಾ ಯುದ್ಧಕ್ಕೆ ಪೂರ್ವಕ್ಕೆ ಬಂತು. 1943ರಲ್ಲಿ ಮೆಡಿಟರೇನಿಯನ್ ಕಡೆ ಇದ್ದಾಗ ಅದು ಒಂಬತ್ತನೆಯ ಮಾದರಿಯ ಸ್ಪಿಟ್‌ಫೈರನ್ನೂ ಹಾರಿಸಿತು. ಅಂದರೆ ನಮ್ಮ ಚೀಲದೊಳಗಿನದೇ.

ಕನ್ನಡದ ಇನ್ನೊಂದು ನಾಡೂ ಹಿಂದೆ ಬೀಳಲಿಲ್ಲ. 1941ರಲ್ಲಿ ಮತ್ತೆ ಕಟ್ಟಲ್ಪಟ್ಟ 129ನೆಯದು ಮೈಸೂರು ಸ್ಕ್ವಾಡ್ರನ್. ಅದರ ಲಾಂಛನದಲ್ಲಿ ನಮ್ಮ ಗಂಡಭೇರುಂಡ. ವಿಮಾನದ ಮೇಲಿನ ಅಕ್ಷರ ಡಿವಿ. 1943ರಲ್ಲಿ ಇಂಗ್ಲೆಂಡಿನಿಂದ ಅದೂ ಒಂಬತ್ತನೆಯ ಮಾದರಿಯನ್ನು ಹಾರಿಸಿತು. ಒಂದೇ ವಿಮಾನ, ಒಂದೇ ಯುದ್ಧ. ಒಂದರ ಮೇಲೆ ಮೈಸೂರಿನ ಹೆಸರು, ಒಂದರ ಮೇಲೆ ಹೈದರಾಬಾದಿನ ಹೆಸರು. ಕನ್ನಡಿಗರು ಎರಡೂ ಸಂಸ್ಥಾನಗಳ ಪ್ರಜೆಗಳಾಗಿದ್ದರು.

ಇಲ್ಲಿ ಬ್ಯಾಂಕಿನವನ ಬುದ್ಧಿ ಒಂದು ಪ್ರಶ್ನೆ ಕೇಳುತ್ತದೆ. ಹೆಸರು ನಿಜಾಮರದು, ಹಣ ಯಾರದು? ಹೈದರಾಬಾದ್ ಖಜಾನೆಯ ದೊಡ್ಡ ವರಮಾನ ಭೂಕಂದಾಯ ಮತ್ತು ಅಬಕಾರಿ. ಜೋಳ ಬೆಳೆದವನು ಕೊಟ್ಟದ್ದು, ಈಚಲ ಹೆಂಡ ಕುಡಿದವನು ಕೊಟ್ಟದ್ದು. ಮರಾಠವಾಡ, ತೆಲಂಗಾಣ, ಕನ್ನಡ ಜಿಲ್ಲೆ ಎಲ್ಲವೂ ಸೇರಿ ತುಂಬಿಸಿದ ಖಜಾನೆ ಅದು. ವಿಮಾನ ಕಂಡವರು ವಿರಳ, ಕಂದಾಯ ಕಟ್ಟದವರು ಯಾರಿದ್ದರು? ಕೊಟ್ಟವನಿಗೆ ರಸೀದಿ ಸಿಗಲಿಲ್ಲ, ಕೊಡಿಸಿದವನ ಹೆಸರು ವಿಮಾನದ ಮೇಲೆ ಬಂತು. ಇದರಲ್ಲಿ ನಾನು ಹೆಮ್ಮೆಪಡಲೋ ಸಿಟ್ಟಾಗಲೋ ನನಗೇ ತಿಳಿಯದು. ಹಿಟ್ಲರನನ್ನು ತಡೆದ ಯುದ್ಧದಲ್ಲಿ ನಮ್ಮ ಹಣವೂ ಇತ್ತೆಂದರೆ ಎದೆ ಉಬ್ಬುತ್ತದೆ. ನಮ್ಮನ್ನು ಕೇಳದೆ ತೆಗೆದುಕೊಂಡರೆಂದರೆ ಇಳಿಯುತ್ತದೆ.

ಆ ಯುದ್ಧ ಮುಗಿದ ಮೂರೇ ವರ್ಷಕ್ಕೆ ವಿಮಾನಗಳು ನಮ್ಮ ಆಕಾಶಕ್ಕೇ ಬಂದವು. 1948ರಲ್ಲಿ ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯದವನು ಕರಾಚಿಯಿಂದ ಲ್ಯಾಂಕಾಸ್ಟ್ರಿಯನ್ ವಿಮಾನಗಳಲ್ಲಿ ಶಸ್ತ್ರ ತುಂಬಿ ಕದ್ದು ಹೈದರಾಬಾದ್ ಸಂಸ್ಥಾನಕ್ಕೆ ತಂದಿಳಿಸಿದ. ಬೀದರಿನಲ್ಲಿ, ವರಂಗಲ್ಲಿನಲ್ಲಿ ಅವು ರಾತ್ರಿ ಇಳಿಯುತ್ತಿದ್ದವು. ಈ ಕಾಟನ್ನನೇ 1939ರಲ್ಲಿ ಸ್ಪಿಟ್‌ಫೈರಿನಿಂದ ಬಂದೂಕು ತೆಗೆದು ಕ್ಯಾಮೆರಾ ಕೂಡಿಸಿ, ಎತ್ತರದಿಂದ ಶತ್ರುವಿನ ನೆಲದ ಚಿತ್ರ ತೆಗೆಯುವ ವಿದ್ಯೆಯನ್ನು ಬ್ರಿಟಿಷರಿಗೆ ತೋರಿಸಿಕೊಟ್ಟವನು. ಸೆಪ್ಟೆಂಬರ್ 13ರಂದು ಭಾರತ ಸರ್ಕಾರದ ಸೇನೆ ಒಳಬಂತು, ಮೇಲೆ ನಮ್ಮ ವಾಯುಸೇನೆಯ ಟೆಂಪೆಸ್ಟ್ ವಿಮಾನಗಳು. 17ರಂದು ನಿಜಾಮರು ಶರಣಾದರು. ನಮ್ಮ ತಂದೆಯವರು ಹೇಳುತ್ತಿದ್ದರು, ಆ ದಿನಗಳಲ್ಲಿ ವಿಮಾನದ ಸದ್ದು ಕೇಳಿದರೆ ಜನ ದನಗಳನ್ನು ಬಿಟ್ಟು ಹಳ್ಳಕ್ಕೆ ಓಡುತ್ತಿದ್ದರಂತೆ. ನಮ್ಮ ಹಿರಿಯರಿಗೆ ವಿಮಾನವೆಂದರೆ ಮೊದಲು ಅಂಜಿಕೆ. ಆಟಿಕೆಯಾದದ್ದು ಬಹಳ ಆಮೇಲೆ.

ಅಂಜಿಕೆ ಹೋಗಿ ಅನ್ನವೂ ಆಯಿತು. ಬೆಂಗಳೂರಿನಲ್ಲಿ 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ತೆರೆದರು. ಅಲ್ಲಿಂದ ಬೆಳೆದದ್ದೇ ಇಂದಿನ ಎಚ್‌ಎಎಲ್. 1961ರ ಜೂನ್ 17ರಂದು ಅಲ್ಲಿ ಮರುತ್ ಹಾರಿತು. ಅದನ್ನು ರೂಪಿಸಿದ ತಂಡದ ಮುಖ್ಯಸ್ಥರು ಕುರ್ಟ್ ಟ್ಯಾಂಕ್. ಎರಡನೆಯ ಯುದ್ಧದಲ್ಲಿ ಸ್ಪಿಟ್‌ಫೈರಿಗೆ ಎದುರಾಳಿಯಾದ ಫೋಕೆ ವುಲ್ಫ್ 190 ವಿಮಾನವನ್ನು ರೂಪಿಸಿದವರೂ ಅವರೇ. ಆ ಎದುರಾಳಿಯನ್ನು ತಡೆಯಬೇಕೆಂದೇ 1942ರಲ್ಲಿ ಸ್ಪಿಟ್‌ಫೈರಿನ ಐದನೆಯ ಮಾದರಿಯ ಮೈಗೆ ಹೊಸ ಎಂಜಿನ್ ಕೂಡಿಸಿ ಅವಸರದಲ್ಲಿ ಒಂಬತ್ತನೆಯ ಮಾದರಿ ಮಾಡಿದ್ದರು. ಲಂಡನ್ನಿನ ಎದುರಾಳಿ ಬೆಂಗಳೂರಿನಲ್ಲಿ ಗುರುವಾದ. ನ್ಯಾಟ್ ವಿಮಾನವನ್ನೂ ಅಲ್ಲೇ ಕಟ್ಟಿದರು. 1971ರ ಡಿಸೆಂಬರ್ 14ರಂದು ಶ್ರೀನಗರದ ಮೇಲೆ ನ್ಯಾಟ್ ಹಾರಿಸಿ ಪ್ರಾಣಕೊಟ್ಟ ನಿರ್ಮಲಜಿತ್ ಸಿಂಗ್ ಸೇಖೋನರಿಗೆ ಪರಮವೀರ ಚಕ್ರ ಬಂತು. ಆ ಸುದ್ದಿ ಬಂದ ದಿನ ಕಾರ್ಖಾನೆಯಲ್ಲಿ ಊಟದ ಗಂಟೆ ಹೊಡೆದರೂ ಯಾರೂ ಏಳಲಿಲ್ಲವೆಂದು ಅಣ್ಣ ಹೇಳಿದ್ದು ನನಗೆ ನೆನಪಿದೆ. ಮುಂದಿನ ವರ್ಷ ಬಂದ ಚೀಲ ಇದು.

ಇಷ್ಟು ತಿಳಿದ ಮೇಲೆ ಹಾಳೆ ಮತ್ತೆ ನೋಡಿದೆ. ಖರ್ಚಿನ ಬದಿಯಲ್ಲಿದ್ದದ್ದು ಯಾವುದೂ ಸುಳ್ಳಾಗಿರಲಿಲ್ಲ. ರಿವೆಟ್ಟು ದಪ್ಪವೇ, ಸಂದು ಬಿಡುವುದೂ ಖರೆ. ಆದರೆ ಜಮಾ ಬದಿಯಲ್ಲಿ ಬೇರೆ ಮಾತು ಬಂದಿತ್ತು. ಹಳೆಯ ಕಿಟ್ಟಿನ ಸೂಚನೆಯ ಹಾಳೆಯಲ್ಲಿ ವಿಮಾನದ ಚರಿತ್ರೆ ಇರುತ್ತದೆ, ಯಾವ ತುಂಡು ಎಲ್ಲಿಗೆ ಎಂದು ಮಾತಿನಲ್ಲಿ ಬರೆದಿರುತ್ತದೆ. ಓದದೆ ಕಟ್ಟುವಂತಿಲ್ಲ. ಹೊಸದರಲ್ಲಿ ಜೋಡಣೆಗೆ ಬರೀ ಚಿತ್ರ. ಅದೂ ಅಲ್ಲದೆ ಅಚ್ಚು ತಪ್ಪಿದಲ್ಲಿ ಸರಿ ಯಾವುದೆಂದು ನಾವೇ ಹುಡುಕಬೇಕಾಗುತ್ತದೆ. ಹಾಗೆ ಹುಡುಕಲು ಹೋಗಿಯೇ ನನಗೆ ಹೈದರಾಬಾದ್ ಸ್ಕ್ವಾಡ್ರನ್ ಸಿಕ್ಕದ್ದು. ಎಲ್ಲ ಸರಿಯಿದ್ದ ಹೊಸ ಕಿಟ್ ತಂದಿದ್ದರೆ ಎರಡು ದಿನಕ್ಕೆ ಅಂಟಿಸಿ ಕೈತೊಳೆದುಕೊಳ್ಳುತ್ತಿದ್ದೆ.

ಆದರೂ ಕೈ ಮುಂದೆ ಹೋಗಲಿಲ್ಲ. "ನಾ ಬರೋತನಕ ಬಿಚ್ಚಬ್ಯಾಡ" ಎಂಬ ಮಾತು ಅಡ್ಡ ನಿಂತಿತ್ತು. ಅಣ್ಣ ಇನ್ನು ಬರುವುದಿಲ್ಲ. ಬಿಚ್ಚಿದರೆ ಮಾತು ಮುರಿದ ಹಾಗೆ, ಬಿಚ್ಚದಿದ್ದರೆ ಮಾತು ನಡೆಸದ ಹಾಗೆ.

ದಾರಿ ತೋರಿಸಿದ್ದು ಮನೆಯಾಕೆ. ಅದೇ ಟ್ರಂಕಿನಲ್ಲಿ ನಮ್ಮ ತಾಯಿಯ ನಾರಾಯಣಪೇಟೆ ರೇಷ್ಮೆ ಸೀರೆ ಇತ್ತು. ಅವ್ವ ಮದುವೆ ಮುಂಜಿಗೆಂದು ಜತನ ಮಾಡಿ ಉಡದೇ ಇಟ್ಟದ್ದು. ತೆಗೆದು ಬಿಡಿಸಿದರೆ ಮಡಿಕೆ ಮಡಿಕೆಗೂ ಸೀಳು. ರೇಷ್ಮೆಯನ್ನು ಮಡಿಕೆ ಬದಲಿಸದೆ ಇಟ್ಟರೆ ಮಡಿಕೆಯಲ್ಲೇ ಹರಿಯುತ್ತದೆ, ನೇಕಾರರ ಊರಿನಲ್ಲಿ ಇದನ್ನು ಕಲಿಯಲು ಶಾಲೆ ಬೇಕಿಲ್ಲ. ಆಕೆ ಸೀರೆ ನನ್ನ ಮುಂದೆ ಹಿಡಿದು ಇಷ್ಟೇ ಹೇಳಿದಳು: "ಉಟ್ಟಿದ್ದರ ಉಟ್ಟು ಹರಿತಿತ್ತು. ಇಟ್ಟರೂ ಹರೀತು. ಈಗ ನೀವ ಹೇಳ್ರಿ."

ನಾನು ಹೋಗಿ ಚಿಮಟ ತಂದೆ. ಸ್ಟೇಪಲ್ ಪಿನ್ನು ತುಕ್ಕು ಹಿಡಿದು ಮುಟ್ಟಿದರೆ ಮುರಿಯಿತು. ಹುಡುಗ ತುಂಡುಗಳನ್ನು ಎಣಿಸಿದ, ಎಲ್ಲವೂ ಇದ್ದವು. ಸಾಬೂನು ನೀರಿನಲ್ಲಿ ತೊಳೆದು ನೆರಳಿಗೆ ಹರವಿದೆವು. ಅಕ್ಷರದ ಹಾಳೆ ಪೂರ್ತಿ ಬಿರಿದಿತ್ತು. ಅದರಲ್ಲಿದ್ದದ್ದು ಜಾನಿ ಜಾನ್ಸನ್ ಎಂಬ ಪ್ರಸಿದ್ಧ ಇಂಗ್ಲಿಷ್ ಚಾಲಕನ ವಿಮಾನದ ಅಕ್ಷರಗಳು, ಜೆಇ-ಜೆ. ಅವು ಅವನ ಹೆಸರಿನವೇ ಮೊದಲಕ್ಷರಗಳು. ಹಾಳೆ ಹಾಳಾದದ್ದಕ್ಕೆ ನನಗೆ ದುಃಖವಾಗಲಿಲ್ಲ. ಇನ್ನು ನಮ್ಮ ಅಕ್ಷರ ನಾವೇ ಬರೆಯಬಹುದು.

ಆಗ ಅಜ್ಜ ಮೊಮ್ಮಗನಿಗೆ ಜಗಳ ಬಂತು. ಅವನು ಬೆಂಗಳೂರಿನ ಹುಡುಗ, "ಮೈಸೂರು ಸ್ಕ್ವಾಡ್ರನ್ ಮಾಡೋಣ, ಗಂಡಭೇರುಂಡ ಅಲ್ವಾ" ಅಂದ. ನಾನು ಹೈದರಾಬಾದ್ ಅಂದೆ. ಒಂದು ಪಕ್ಕಕ್ಕೆ ಡಿವಿ, ಇನ್ನೊಂದು ಪಕ್ಕಕ್ಕೆ ಯುಎಂ ಬರೆದರೆ ಹೇಗೆ ಎಂದು ಅವನೇ ರಾಜಿ ಸೂಚಿಸಿದ. ನಾನು ಒಪ್ಪಲಿಲ್ಲ. ಹಾಗೆ ಯಾವ ವಿಮಾನವೂ ಹಾರಲಿಲ್ಲ. ಎರಡು ಭಾಷೆ ಒಂದು ಬಾಯಲ್ಲಿ ಇರಬಹುದು, ಗಡಿಯಲ್ಲಿ ಬದುಕುವ ನಮಗೆ ಅದು ದಿನದ ಮಾತು. ಒಂದು ರಸೀದಿಯ ಮೇಲೆ ಎರಡು ಹೆಸರು ಬರೆದರೆ ಮಾತ್ರ ಲೆಕ್ಕ ತಪ್ಪುತ್ತದೆ. ನಮ್ಮ ಕಂದಾಯ ಹೋದದ್ದು ಯಾವ ಖಜಾನೆಗೋ ಆ ಹೆಸರೇ ಇದಕ್ಕೆ ಬರಲಿ ಎಂದೆ.

ಹುಡುಗನ ಮುಖ ಬಾಡಿತು. ಅದಕ್ಕೆ ಅವನಿಗೊಂದು ಹೊಸ ಸ್ಪಿಟ್‌ಫೈರ್ ತರಿಸಿದೆ. ಏರ್‌ಫಿಕ್ಸ್ ಕಂಪನಿ 1981ರಲ್ಲಿ ದಿವಾಳಿಯೆದ್ದು, ಕೈಯಿಂದ ಕೈಗೆ ಹೋಗಿ, 2006ರಲ್ಲಿ ಹಾರ್ನ್‌ಬಿ ಎಂಬ ರೈಲು ಆಟಿಕೆಯ ಕಂಪನಿಗೆ ಸೇರಿತು. ಆಮೇಲೆ ಅದರ ಎಷ್ಟೋ ಕಿಟ್ಟುಗಳು ತಯಾರಾದದ್ದು ನಮ್ಮ ದೇಶದಲ್ಲೇ. ಬಂದ ಪೆಟ್ಟಿಗೆಯ ಬದಿಯಲ್ಲಿ ಹುಡುಗ ಓದಿದ, ಭಾರತದಲ್ಲಿ ತಯಾರಾದುದು ಎಂದು. ಒಂದು ಕಾಲಕ್ಕೆ ನಮ್ಮ ಹಣದಿಂದ ಇಂಗ್ಲೆಂಡಿನಲ್ಲಿ ನಿಜ ವಿಮಾನ. ಈಗ ಇಂಗ್ಲೆಂಡಿನ ಕಂಪನಿಗಾಗಿ ನಮ್ಮಲ್ಲಿ ಗೊಂಬೆ ವಿಮಾನ. ಹುಡುಗನಿಗೆ ಹೇಳಿದೆ, ಡಿವಿ ಅದಕ್ಕೆ ಬರೆ.

ಹಳೆಯದಕ್ಕೆ ಇಪ್ಪತ್ತೆರಡು ದಿನ ಹಿಡಿಯಿತು. ಗದ್ವಾಲ ಸೀರೆಯಲ್ಲಿ ಹತ್ತಿಯ ಒಡಲಿಗೆ ರೇಷ್ಮೆಯ ಅಂಚನ್ನು ಕೂಡಿಸುವ ಕೆಲಸಕ್ಕೆ ಎಷ್ಟು ತಾಳ್ಮೆ ಬೇಕೆಂದು ನನಗೆ ಈಗ ತಿಳಿಯಿತು. ಎಡ ರೆಕ್ಕೆಯ ಬುಡದಲ್ಲಿ ಸಂದು ಪೂರ್ತಿ ಮುಚ್ಚಲಿಲ್ಲ, ಬೆಳಕಿಗೆ ಹಿಡಿದರೆ ಕಾಣುತ್ತದೆ. ಮೆಡಿಟರೇನಿಯನ್ ಕಡೆಯ ವಿಮಾನಗಳಿಗಿದ್ದಂತೆ ಮೇಲೆ ಕಂದು ಮತ್ತು ಮರಳಿನ ಬಣ್ಣ, ಅಡಿಗೆ ನೀಲಿ ಹಚ್ಚಿದೆವು. ಮಳೆ ಕಾಣದ ನಮ್ಮ ಮಸಬು ಹೊಲದ ಬಣ್ಣವೇ ಅದು. ಯುಎಂ ಬರೆದೆವು. ಆ ಎರಡು ಅಕ್ಷರ ಸ್ಕ್ವಾಡ್ರನ್ನಿನದು, ಮೂರನೆಯದು ಒಂದೊಂದು ವಿಮಾನಕ್ಕೆ ಒಂದೊಂದು. ಮೂರನೆಯದಕ್ಕೆ ಅಣ್ಣನ ಹೆಸರಿನ ಮೊದಲಕ್ಷರ ಹಾಕಿದೆ. ಕೈ ಸ್ವಲ್ಪ ನಡುಗಿ ಅಕ್ಷರ ಸೊಟ್ಟಗಾಯಿತು. ಹುಡುಗ ಅಳಿಸಿ ಬರೆಯೋಣ ಅಂದ, ಬ್ಯಾಡಪ್ಪ ಇರಲಿ ಅಂದೆ.

ಹಳೆಯ ಕಿಟ್ ಕಟ್ಟಲು ಯೋಗ್ಯವೇ ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ಇಷ್ಟು. ಚೆಂದಕ್ಕಾದರೆ ಹೊಸದು ಕೊಳ್ಳಿ. ಬೇರೆಲ್ಲೂ ಸಿಗದ ವಿಮಾನವಾದರೆ ಹಳೆಯದಕ್ಕೆ ಕಷ್ಟಪಡಿ. ನಿಜಕ್ಕೂ ಅಪರೂಪದ್ದಾದರೆ ಇಟ್ಟವರ ಮಾತನ್ನೂ ಕೇಳಿ. ಅದರೊಳಗೆ ಯಾರದೋ ಮಾತು ಉಳಿದಿದ್ದರೆ ಮಾತ್ರ ಬಹಳ ಕಾಯಬೇಡಿ. ನಾನು ಐವತ್ತು ವರ್ಷ ಕಾದೆ. ಅಣ್ಣನ ಕೈ ಗಟ್ಟಿಯಿದ್ದ ಕಾಲದಲ್ಲಿ ಬಿಚ್ಚಬೇಕಿತ್ತು.

ಎರಡು ಸ್ಪಿಟ್‌ಫೈರ್‌ಗಳೂ ಈಗ ನಮ್ಮ ಪಡಸಾಲೆಯ ಗೂಡಿನಲ್ಲಿವೆ. ನಮ್ಮೂರ ಕಡೆ ಬಂದರೆ ನೋಡಿಕೊಂಡು ಹೋಗಿ. ನಿಮ್ಮ ಮನೆಯ ಟ್ರಂಕುಗಳನ್ನೂ ಒಮ್ಮೆ ತೆಗೆದು ನೋಡಿ, ಮಡಿಕೆ ಬದಲಿಸಿ ಇಡಿ.